ಬಿಡಲು ಕಲಿತ ಗಾಲಿ

ಸಮುದ್ರದ ದೊಡ್ಡ ಮೀನು ಹಿಡಿಯುವ ರೀಲಿನ ವಿಷಯವನ್ನು ಗುರುಗುಂಟಾದವನೊಬ್ಬ ಬರೆಯಲು ಕುಳಿತನೆಂದರೆ ಓದುಗರಿಗೆ ನಗು ಬರುವುದು ಸಹಜ. ನಮ್ಮೂರಿನಿಂದ ಕಾರವಾರಕ್ಕೆ ನೇರ ಗೆರೆ ಎಳೆದರೂ ಸುಮಾರು 300 ಕಿಲೋಮೀಟರ್ ಆದೀತು. ಒಂದು ಕಾಲಕ್ಕೆ ನಿಜಾಮರ ಅಧೀನದ ಪುಟ್ಟ ಸಂಸ್ಥಾನವಾಗಿದ್ದು, ಈಗ ಅಮರೇಶ್ವರನ ಜಾತ್ರೆಯಿಂದ ಸುತ್ತಲಿನವರಿಗೆ ಪರಿಚಿತವಾದ ಈ ಊರಿನಲ್ಲಿ ಮಳೆ ಬಂದರೆ ಹಳ್ಳದಲ್ಲಿ ನೀರು, ಬಾರದಿದ್ದರೆ ಕಣ್ಣಲ್ಲಿ ನೀರು. ನಾನು ಸಮುದ್ರವನ್ನು ಮೊದಲು ಕಂಡದ್ದೇ ಮೂವತ್ತು ದಾಟಿದ ಮೇಲೆ. ಆದರೂ ಈ ವಿಷಯ ನನ್ನ ಕೊರಳಿಗೆ ಬಿತ್ತು. ಬಿದ್ದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಅಕ್ಕನ ಮಗ ಡೀಸೆಲ್ ಎಂಜಿನ್ ರಿಪೇರಿ ಕಲಿತು ಮಲ್ಪೆ ಸೇರಿ ಹನ್ನೆರಡು ವರ್ಷವಾಯಿತು. ವಾರವೆಲ್ಲ ಮೀನುಗಾರಿಕೆ ದೋಣಿಗಳ ಎಂಜಿನ್ನಿನ ಕೆಲಸ. ಬಿಡುವಿದ್ದ ದಿನ ಅಲ್ಲಿಯ ಗೆಳೆಯನೊಬ್ಬನ ಸಣ್ಣ ಫೈಬರ್ ದೋಣಿಯಲ್ಲಿ ಗಾಳ ಹಾಕಲು ಹೋಗುವುದು. ಕೋಲಿಲ್ಲ, ರೀಲಿಲ್ಲ. ಮರದ ತುಂಡಿಗೆ ಸುತ್ತಿದ ದಪ್ಪನೆಯ ತಂಗೂಸಿ ದಾರ, ಅದರ ತುದಿಗೆ ಗಾಳ, ಇಷ್ಟೇ ಸಲಕರಣೆ. ಒಂದು ಬೆಳಿಗ್ಗೆ ದೊಡ್ಡ ಮೀನೊಂದು ಗಾಳ ನುಂಗಿ ಓಡಿತು. ಅಂಜಲ್ ಇರಬೇಕೆಂದು ಆಮೇಲೆ ಮಾತನಾಡಿಕೊಂಡರು. ನೋಡಿದವರು ಯಾರೂ ಇಲ್ಲ. ದೋಣಿಯ ತಳದಲ್ಲಿ ಬಿದ್ದಿದ್ದ ದಾರದ ಸುರುಳಿ ಎದ್ದು ಬಂದು ಗೆಳೆಯನ ಬಲಗೈ ಬೆರಳುಗಳಿಗೆ ಬಿಗಿದುಕೊಂಡಿತು. ದಾರ ಹರಿಯುವ ಮೊದಲು ಬೆರಳಿನ ನರ ಹರಿಯಿತು. ಆಸ್ಪತ್ರೆಯಲ್ಲಿ ಹೊಲಿದರು, ಗಾಯ ಮಾಯಿತು. ಆದರೆ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಆ ದಿನದ ಮೇಲೆ ಆತ ದೋಣಿ ಓಡಿಸುತ್ತಿದ್ದನೇ ಹೊರತು ದಾರ ಮುಟ್ಟಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಳಿಯನ ಫೋನು ಬಂತು.

“ಮಾಮಾ, ದೊಡ್ಡ ಮೀನಿಗೆ ಆಗೂವಂಥ ಒಂದು ಗಟ್ಟಿ ರೀಲು ತಗೋಬೇಕಂತ ಮಾಡೀನಿ. ಅಂಗಡ್ಯಾಗ ನೂರೆಂಟು ನಮೂನಿ ಅದಾವ. ನೀವು ಒಮ್ಮೆ ಬಂದು ನೋಡ್ರಿ.”

“ನನಗೇನು ತಿಳಿತದೋ ತಮ್ಮಾ? ನಾ ಹಳ್ಳದ ಮೀನ ಸುದ್ದಾ ಹಿಡದವ ಅಲ್ಲ.”

“ಮೀನು ತಿಳಿಯದಿದ್ರ ಬಿಡ್ರಿ. ನಿಮಗ ಡ್ರಮ್ಮು ತಿಳಿತದ, ಬ್ರೇಕು ತಿಳಿತದ.”

ಅವನ ಮಾತು ಸುಳ್ಳಲ್ಲ. ನಮ್ಮ ತಾಲ್ಲೂಕಿನದೇ ಆದ ಹಟ್ಟಿ ಚಿನ್ನದ ಗಣಿಯಲ್ಲಿ, ಭೂಮಿಯೊಳಗಿನಿಂದ ಜನರನ್ನೂ ಅದಿರನ್ನೂ ಎತ್ತುವ ಯಂತ್ರದ ಮನೆಯಲ್ಲಿ, ನಾನು ಮೂವತ್ತೊಂದು ವರ್ಷ ಫಿಟ್ಟರ್ ಆಗಿ ದುಡಿದವನು. ಹಟ್ಟಿ ಬಹಳ ಹಳೆಯ ಗಣಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಹಿರಿಯರು ಅಲ್ಲಿ ಎಂಜಿನ್ ಇಲ್ಲದೆ, ಸಿಡಿಮದ್ದಿಲ್ಲದೆ 640 ಅಡಿ ಆಳಕ್ಕೆ ಇಳಿದಿದ್ದರು. ನಮ್ಮ ಕಾಲದಲ್ಲಿ ಆ ಕೆಲಸಕ್ಕೆ ಆಳೆತ್ತರ ಮೀರಿದ ಉಕ್ಕಿನ ಡ್ರಮ್ಮು, ಅದರ ಮೇಲೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೆ ತೊಟ್ಟಿಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಮೇಸ್ತ್ರಿಯೊಬ್ಬರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಎತ್ತೋ ಎಂಜಿನ್ ಕೆಟ್ರ ಒಂದು ಪಾಳಿ ಕೆಡತದ. ಬ್ರೇಕು ಕೆಟ್ರ ಮನಿ ಕೆಡತಾವ.” ಎತ್ತುವ ಯಂತ್ರದ ಬ್ರೇಕು ನಾವು ಒತ್ತಿದಾಗ ಹಿಡಿಯುವಂಥದ್ದಲ್ಲ. ಅದು ತಾನಾಗಿ ಹಿಡಿದುಕೊಂಡೇ ಇರುತ್ತದೆ. ನಾವು ಶಕ್ತಿ ಕೊಟ್ಟು ಸಡಿಲಿಸಬೇಕು. ಕರೆಂಟು ಹೋದರೆ ಡ್ರಮ್ಮು ನಿಂತಲ್ಲೇ ನಿಲ್ಲುತ್ತದೆ. ಹೀಗೆ ಹಿಡಿಯುವುದನ್ನೇ ಕಲಿತ ನನಗೆ ರೀಲಿನ ಚರಿತ್ರೆ ಬೇರೊಂದು ಪಾಠ ಹೇಳಿತು.

ಮಲ್ಪೆಗೆ ಹೋಗುವ ಮೊದಲು ಈ ಗಾಲಿಯ ಪೂರ್ವೋತ್ತರ ತಿಳಿಯೋಣವೆಂದು ಸಿಕ್ಕಿದ್ದನ್ನೆಲ್ಲ ಓದಿದೆ. ಗಾಳದ ಕೋಲಿಗೆ ಗಾಲಿ ಕೂಡಿಸಿದ್ದಕ್ಕೆ ಸಿಗುವ ಹಳೆಯ ಸಾಕ್ಷಿ ಚೀನಾದ್ದು. ಮಾ ಯುವಾನ್ ಎಂಬ ಚಿತ್ರಕಾರನದೆನ್ನುವ, ಸುಮಾರು 1195ರ ಚಿತ್ರವೊಂದರಲ್ಲಿ ಚಳಿಗಾಲದ ಸರೋವರ, ಪುಟ್ಟ ದೋಣಿ, ಅದರಲ್ಲಿ ಮುದುರಿ ಕುಳಿತ ಒಬ್ಬ ಮನುಷ್ಯ, ಅವನ ಕೋಲಿನ ಬುಡದಲ್ಲಿ ಒಂದು ಗಾಲಿ. ನಮ್ಮಲ್ಲಿ ಕಲ್ಯಾಣದ ಬಸವಣ್ಣನವರ ಕಾಲ ಕಳೆದು ಮೂವತ್ತು ವರ್ಷದ ಆಚೀಚೆಯ ಮಾತು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಗಾಲಿಯ ಪ್ರಸ್ತಾಪ ಬರುವುದು 1651ರಲ್ಲಿ, ಥಾಮಸ್ ಬಾರ್ಕರ್ ಎಂಬವನ ಬರಹದಲ್ಲಿ. ಮುಂದೆ ನಾಟಿಂಗ್‌ಹ್ಯಾಮ್ ಎಂಬ ಜಾಲರಿ ಬಟ್ಟೆ ನೇಯುವ ಊರಿನಲ್ಲಿ ಮರದ ದೊಡ್ಡ ರೀಲುಗಳಾದವು. ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದವನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಲ್ಲುಗಾಲಿಗಳ ರೀಲು ಮಾಡಿ ಹೆಸರಾದ. ಹಿಡಿಕೆ ಒಂದು ಸುತ್ತು ತಿರುಗಿದರೆ ಡ್ರಮ್ಮು ಹಲವು ಸುತ್ತು ತಿರುಗುವ ಏರ್ಪಾಡು ಅದು. 1921ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ‘ಅಬು’ ಕಂಪನಿಯ ಹೆಸರಿನಲ್ಲಿಯೂ ಗಡಿಯಾರದ ಕಾರ್ಖಾನೆಯೇ ಅಡಗಿದೆ. ಹೀಗೆ ಮೀನು ಹಿಡಿಯುವವರಿಗಿಂತ ಗಡಿಯಾರ ರಿಪೇರಿಯವರೇ ರೀಲನ್ನು ಬೆಳೆಸಿದರೆನ್ನಬೇಕು.

ಇಷ್ಟೆಲ್ಲ ಜಾಣತನವೂ ದಾರವನ್ನು ಬೇಗ ಒಳಗೆ ಸುತ್ತಿಕೊಳ್ಳುವುದಕ್ಕೇ ಖರ್ಚಾಯಿತು. ನಮ್ಮ ಬಾವಿಯ ಗಡಗಡಿಯಂತೆಯೇ. ಕೊಡವೇನೋ ಸುಮ್ಮನೆ ಮೇಲೆ ಬರುತ್ತದೆ, ತಿರುಗಿ ಎಳೆಯುವುದಿಲ್ಲ. ಸಮುದ್ರದ ಮೀನು ಕೊಡವಲ್ಲ. 1898ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದ ಬಳಿ ಚಾರ್ಲ್ಸ್ ಹೋಲ್ಡರ್ ಎಂಬವನು ಕೋಲು ರೀಲಿನಿಂದಲೇ 183 ಪೌಂಡಿನ, ಅಂದರೆ 83 ಕಿಲೋದ, ಟ್ಯೂನಾ ಮೀನನ್ನು ಹಿಡಿದ. ಅಂದಿನ ರೀಲಿಗೆ ಬ್ರೇಕೆಂದರೆ ಒಂದು ಚರ್ಮದ ಪಟ್ಟಿ. ಅದನ್ನು ಹೆಬ್ಬೆರಳಿನಿಂದ ಡ್ರಮ್ಮಿಗೆ ಒತ್ತಿ ಹಿಡಿಯಬೇಕು. ಮೀನು ಓಡಿದರೆ ಹಿಡಿಕೆಯೂ ಹಿಂದಕ್ಕೆ ಗಿರ್ರನೆ ತಿರುಗುತ್ತಿತ್ತು. ಕೈ ತೆಗೆಯುವುದು ತಡವಾದರೆ ಬೆರಳಿನ ಗೆಣ್ಣು ಮುರಿಯುತ್ತಿತ್ತು. ಮಲ್ಪೆಯ ಆ ಗೆಳೆಯನ ಕಥೆ ಅಲ್ಲಿ ಎಷ್ಟು ಜನರದ್ದಾಗಿತ್ತೋ!

ಇದಕ್ಕೆ ಉತ್ತರ ದೊರೆತದ್ದು 1913ರ ಸುಮಾರಿಗೆ. ಅದೇ ಕ್ಯಾಟಲೀನಾದಲ್ಲಿ ಮೀನು ಹಿಡಿಯುತ್ತಿದ್ದ ವಿಲಿಯಂ ಬೋಶನ್ ಎಂಬವನ ಆಲೋಚನೆಯಂತೆ ಜೂಲಿಯಸ್ ವೋಮ್ ಹೋಫ್ ಎಂಬ ಕುಶಲಕರ್ಮಿ ರೀಲಿನ ಹೊಟ್ಟೆಯೊಳಗೇ ಬಿಲ್ಲೆಗಳ ಬ್ರೇಕು ಕೂಡಿಸಿದ. ಹಿಡಿಕೆಯ ಪಕ್ಕ ನಕ್ಷತ್ರದಾಕಾರದ ಒಂದು ಚಕ್ರ. ಅದನ್ನು ತಿರುಗಿಸಿದಷ್ಟು ಬಿಲ್ಲೆಗಳು ಒಂದನ್ನೊಂದು ಒತ್ತುತ್ತವೆ. ಮೀನು ಗೊತ್ತುಮಾಡಿದ ಮಿತಿಗಿಂತ ಜೋರಾಗಿ ಎಳೆದರೆ ಬಿಲ್ಲೆಗಳು ಜಾರುತ್ತವೆ, ದಾರ ಹೊರಗೆ ಹೋಗುತ್ತದೆ, ಹಿಡಿಕೆ ಮಾತ್ರ ಸುಮ್ಮನಿರುತ್ತದೆ. ಆ ವರ್ಷವೇ ಬೋಶನ್ 355 ಪೌಂಡಿನ ಕತ್ತಿಮೀನನ್ನು ಹಿಡಿದ. ಕೋಲು ರೀಲಿಗೆ ಸಿಕ್ಕ ಮೊದಲ ಕತ್ತಿಮೀನು ಅದೇ ಎನ್ನುತ್ತಾರೆ. ಚೀನಾದ ಚಿತ್ರದಿಂದ ಇಲ್ಲಿಗೆ ಏಳುನೂರು ವರ್ಷ ದಾಟಿತ್ತು. ಎಳೆಯಲು ಕಲಿತಿದ್ದ ಗಾಲಿ ಬಿಡಲು ಕಲಿಯುವುದಕ್ಕೆ ಅಷ್ಟು ಕಾಲ ಹಿಡಿಯಿತು.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಆಯಿತು. 1932ರಲ್ಲಿ ಓಟ್ಟೊ ಹೆನ್ಸೆ ಎಂಬವನು ಫಿಲಡೆಲ್ಫಿಯಾದಲ್ಲಿ ಪೆನ್ ಕಂಪನಿ ತೆರೆದ; 1936ರಲ್ಲಿ ಬಂದ ಅದರ ‘ಸೆನೆಟರ್’ ರೀಲು ದುಡಿಯುವ ದೋಣಿಯವರ ಕೈಗೂ ಎಟುಕಿತು. 1939ರಲ್ಲಿ ಗಾಳದ ದಾಖಲೆಗಳನ್ನಿಡುವ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 1953ರಲ್ಲಿ ಪೆರು ದೇಶದ ಕಡಲಲ್ಲಿ ಆಲ್ಫ್ರೆಡ್ ಗ್ಲಾಸೆಲ್ 1,560 ಪೌಂಡ್, ಎಂದರೆ ಏಳು ಕ್ವಿಂಟಲ್ ದಾಟಿದ, ಕಪ್ಪು ಮಾರ್ಲಿನ್ ಹಿಡಿದ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಕೃಷ್ಣಾ ದಂಡೆಯ ಮುದುಕರೊಬ್ಬರು ನೆನಪಾದರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಆಗುವ ಮುಂಚಿನ ಮಾತು. ಜಲದುರ್ಗದ ಕಡೆ ನೆಂಟರ ಮನೆಗೆ ಹೋದಾಗ ಅವರನ್ನು ನೋಡಿದ್ದೆ. ದೊಡ್ಡ ಬಾಳೆಮೀನಿಗೆ ಅವರು ಗಾಳದ ಹಗ್ಗವನ್ನು ಮರಕ್ಕೂ ಕಟ್ಟುತ್ತಿರಲಿಲ್ಲ, ಕೈಗೂ ಸುತ್ತಿಕೊಳ್ಳುತ್ತಿರಲಿಲ್ಲ. ಒಣಗಿದ ಸೋರೆಬುರುಡೆಗೆ ಕಟ್ಟಿ ಹೊಳೆಗೆ ಬಿಡುತ್ತಿದ್ದರು. ಮೀನು ಬುರುಡೆಯನ್ನು ಎಳೆದುಕೊಂಡು ಓಡುತ್ತಿತ್ತು. ಬುರುಡೆ ಮುಳುಗುತ್ತಿತ್ತು, ಏಳುತ್ತಿತ್ತು. ಅವರು ಹರಗೋಲಿನಲ್ಲಿ ಬೀಡಿ ಸೇದುತ್ತಾ ಕೂತು, ಮೀನು ದಣಿದ ಮೇಲೆ ಹೋಗಿ ಬುರುಡೆ ಎತ್ತಿಕೊಳ್ಳುತ್ತಿದ್ದರು. ಬೋಶನ್ ಬಿಲ್ಲೆಗಳಿಂದ ಮಾಡಿದ ಕೆಲಸವನ್ನು ಅವರು ಸೋರೆಕಾಯಿಯಿಂದ ಮಾಡುತ್ತಿದ್ದರು. ಬ್ರೇಕಿಗೆ ಬೇಕಾದದ್ದು ತಡೆ, ಆದರೆ ಬಿಟ್ಟುಕೊಡುವ ತಡೆ.

ಕರ್ನಾಟಕದ ಹೆಸರೂ ಈ ಚರಿತ್ರೆಯಿಂದ ಹೊರಗುಳಿದಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ಪ್ರಸಿದ್ಧ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅದರ ನಾಯಕ ನಮ್ಮ ಹೊಳೆಗಳ ಮಹಸೀರ್ ಮೀನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಆ ದಾಖಲೆಯ ಮುಂದಿನ ಅಧ್ಯಾಯ ಮಾತ್ರ ಸಂತೋಷದ್ದಲ್ಲ. ಅಣೆಕಟ್ಟು, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಬೇರೆ ಮೀನು, ಬತ್ತಿದ ಹೊಳೆ, ಎಲ್ಲವೂ ಸೇರಿ ಕಾವೇರಿ ಸೀಮೆಯ ಆ ಡುಬ್ಬದ ಮಹಸೀರ್ 2018ರಲ್ಲಿ ಅಳಿವಿನ ತೀರ ಅಂಚಿನ ಜೀವಿಗಳ ಪಟ್ಟಿ ಸೇರಿತು. ಗಟ್ಟಿ ರೀಲು ಕೊಳ್ಳಲು ಹೊರಟವನು ಇದನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗಬೇಕೆನಿಸಿತು.

ನವೆಂಬರಿನಲ್ಲಿ ಹೊರಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ರೊಟ್ಟಿ, ಶೇಂಗಾ ಹಿಂಡಿ, ಮತ್ತು ಮನೆಯಲ್ಲಿದ್ದ ಸ್ಪ್ರಿಂಗ್ ತಕ್ಕಡಿ. ಅಕ್ಕ ತಕ್ಕಡಿ ನೋಡಿ, “ಅಲ್ಲಿ ಮೀನು ಮಾರಾಕ ಹೊಂಟೀಯೇನೋ?” ಎಂದಳು.

ಅಂಗಡಿಯವನು ಮೊದಲು ತೆಗೆದಿಟ್ಟದ್ದು ಬಂಗಾರದ ಬಣ್ಣದ ಒಂದು ದೊಡ್ಡ ರೀಲು. ಪೆಟ್ಟಿಗೆಯ ಮೇಲೆ ‘ಡ್ರ್ಯಾಗ್ 40 ಕಿಲೋ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಳಿಯನ ಕಣ್ಣು ಅದರ ಮೇಲೆಯೇ. ಇನ್ನೊಂದು ಸ್ವಲ್ಪ ಚಿಕ್ಕದು, ಕಪ್ಪು ಬಣ್ಣದ್ದು, ನೋಡಲು ಸಪ್ಪೆ. ಎರಡೂ ಡ್ರಮ್ಮು ಅಡ್ಡಲಾಗಿರುವ ಜಾತಿಯವೇ. ದೋಣಿಯಿಂದ ನೇರ ಆಳಕ್ಕೆ ದಾರ ಇಳಿಬಿಡುವವರಿಗೆ ಅದೇ ಸರಿ, ದಾರ ಮಡಚಿಕೊಳ್ಳದೆ ನೇರವಾಗಿ ಬಂದು ಸುತ್ತಿಕೊಳ್ಳುತ್ತದೆ.

ನಾನು ಇಬ್ಬರಿಗೂ ಲೆಕ್ಕ ಹೇಳಿದೆ. ನೀವು ಹಾಕುವ ದಾರ 24 ಕಿಲೋಗೆ ಹರಿಯುವಂಥದ್ದು. 40 ಕಿಲೋ ಹಿಡಿಯುವ ಬ್ರೇಕು ಇದ್ದರೇನು ಬಂತು? ಅದು ಜಾರುವ ಮೊದಲೇ ದಾರ ಹರಿದಿರುತ್ತದೆ. ದಾರವೂ ಗಟ್ಟಿಯಿದ್ದರೆ ಇನ್ನೂ ಕೇಡು, ಸಣ್ಣ ದೋಣಿಯಲ್ಲಿ ನಿಂತವನು ಮೀನಿನ ಹಿಂದೆ ತಾನೇ ಹೋದಾನು. ಬ್ರೇಕನ್ನು ದಾರದ ಶಕ್ತಿಯ ಮೂರರಲ್ಲೊಂದು ಪಾಲಿಗೆ, ಅಂದರೆ 8 ಕಿಲೋಗೆ, ಕೂಡಿಸಬೇಕು. ಅಷ್ಟು ಕಡಿಮೆ ಯಾಕೆಂದು ಅಳಿಯ ಕೇಳಿದ. ಹಟ್ಟಿಯ ಡ್ರಮ್ಮು ಬಲ್ಲವನಿಗೆ ಇದು ಕಷ್ಟದ ಪ್ರಶ್ನೆಯಲ್ಲ. ತುಂಬಿದ ಡ್ರಮ್ಮಿನಲ್ಲಿ ದಾರ ಹೊರಸುತ್ತಿನಿಂದ ಎಳೆಯುತ್ತದೆ. ಮೀನು ಓಡಿ ದಾರ ಖಾಲಿಯಾಗುತ್ತ ಬಂದಂತೆ ಸುತ್ತಿನ ಅಳತೆ ಕಿರಿದಾಗುತ್ತದೆ. ಅದು ಅರ್ಧಕ್ಕೆ ಇಳಿದರೆ ಅದೇ ಬ್ರೇಕನ್ನು ಜಾರಿಸಲು ಎರಡರಷ್ಟು ಎಳೆತ ಬೇಕು. ನೀವು ಚಕ್ರ ಮುಟ್ಟದಿದ್ದರೂ 8 ಕಿಲೋ 16 ಆಗುತ್ತದೆ. ಮೊದಲೇ 12ಕ್ಕೆ ಬಿಗಿದಿದ್ದರೆ 24 ಆಗಿ ದಾರ ಹರಿಯುತ್ತದೆ. ಆದ್ದರಿಂದ ಮೀನು ದೂರ ಓಡಿದಾಗ ಬಿಗಿಮಾಡಬೇಕೆನ್ನುವ ಆಸೆ ಬಂದರೆ, ಆಗಲೇ ಸ್ವಲ್ಪ ಸಡಿಲಿಸಬೇಕು.

ಆಮೇಲೆ ತಕ್ಕಡಿ ತೆಗೆದೆ. ಎರಡೂ ರೀಲಿಗೆ ಒಂದಿಷ್ಟು ದಾರ ಸುತ್ತಿಸಿ, ಬ್ರೇಕನ್ನು 8 ಕಿಲೋಗೆ ಹೊಂದಿಸಿ, ತಕ್ಕಡಿಯ ಕೊಕ್ಕೆಯಿಂದ ಮೆಲ್ಲಗೆ ಎಳೆದೆವು. ಬಂಗಾರದ ರೀಲಿನ ಮುಳ್ಳು 11ರವರೆಗೆ ಏರಿ, ಒಮ್ಮೆಲೆ 7ಕ್ಕೆ ಬಿದ್ದು, ಮತ್ತೆ 10ಕ್ಕೆ ಹಾರಿತು. ಬಿಲ್ಲೆ ಹಿಡಿದು ಬಿಟ್ಟು ಹಿಡಿದು ಬಿಟ್ಟು ಜಾರುತ್ತಿದೆ ಎಂದರ್ಥ. ಆ ಜರ್ಕಿನಲ್ಲೇ ದಾರ ಹರಿಯುವುದು. ಕಪ್ಪು ರೀಲಿನ ಮುಳ್ಳು 8ರ ಹತ್ತಿರ ಏರಿ ಅಲ್ಲೇ ನಿಂತಿತು. ದಾರ ಎಣ್ಣೆ ಹನಿಸಿದಂತೆ ಹೊರಬಂತು. ಅಂಗಡಿಯವನು ನಕ್ಕು, “ಹೀಗೆ ತಕ್ಕಡಿ ತಂದು ರೀಲು ತೂಗಿದವರು ನೀವೇ ಮೊದಲು ಮಾರಾಯ್ರೆ” ಎಂದ.

ಇನ್ನು ಬಿಸಿಯ ಮಾತು. 8 ಕಿಲೋ ತಡೆಯ ಎದುರು ಮೀನು ನೂರು ಮೀಟರ್ ಓಡಿದರೆ ಹುಟ್ಟುವ ಶಾಖ ನೂರು ಗ್ರಾಂ ಅಲ್ಯೂಮಿನಿಯಂ ತುಂಡನ್ನು 80 ಡಿಗ್ರಿಗಿಂತ ಹೆಚ್ಚು ಕಾಯಿಸಲು ಸಾಕು. ಹಿಂದಿನ ಚರ್ಮದ, ಉಣ್ಣೆಯ ಬಿಲ್ಲೆಗಳು ಇಂಥದಕ್ಕೆ ಸುಟ್ಟು ಸೀದುಹೋಗುತ್ತಿದ್ದವು. ಈಗ ಕಾರ್ಬನ್ ನಾರಿನ ಬಿಲ್ಲೆ ಬಂದಿದೆ. ಚೌಕಟ್ಟು ಪ್ಲಾಸ್ಟಿಕ್ ಜಾತಿಯದಾದರೆ ಭಾರಕ್ಕೆ ಬಳುಕುತ್ತದೆ, ಬಳುಕಿದರೆ ಹಲ್ಲುಗಾಲಿ ಹಲ್ಲು ಬಿಡುತ್ತದೆ. ಕಪ್ಪು ರೀಲಿನದು ಒಂದೇ ಅಲ್ಯೂಮಿನಿಯಂ ತುಂಡಿನಿಂದ ಕೊರೆದ ಚೌಕಟ್ಟು. ಡ್ರಮ್ಮಿನಲ್ಲಿ 300 ಮೀಟರ್ ಹೆಣೆದ ದಾರ ಹಿಡಿಸುತ್ತಿತ್ತು. ಹೆಣೆದ ದಾರ ಸಪೂರ, ಜಾರುಗುಣದ್ದು. ತಳದಲ್ಲಿ ನಾಲ್ಕು ಸುತ್ತು ತಂಗೂಸಿ ಹಾಕದಿದ್ದರೆ ಪೂರಾ ಸುರುಳಿಯೇ ಡ್ರಮ್ಮಿನ ಮೇಲೆ ಸುತ್ತ ತಿರುಗುತ್ತದೆ. ಬರಿಗೈಯಲ್ಲಿ ಹಿಡಿದರೆ ಚಾಕುವಿನಂತೆ ಕೊಯ್ಯುತ್ತದೆಂಬುದನ್ನು ಆ ಮನೆಯವರಿಗೆ ನಾನು ಹೇಳಬೇಕಾಗಿರಲಿಲ್ಲ.

ಕೊನೆಗೆ ತೀರ್ಮಾನವಾದದ್ದು ನಾನು ಎಣಿಸಿರದ ಕಾರಣಕ್ಕೆ. ಗೆಳೆಯ ಅಷ್ಟು ಹೊತ್ತು ಬಾಗಿಲ ಬಳಿ ಸುಮ್ಮನೆ ನಿಂತಿದ್ದ. ನಾನು ಕರೆದು ಎರಡೂ ರೀಲಿನ ಹಿಡಿಕೆ ತಿರುಗಿಸಲು ಹೇಳಿದೆ. ಬಂಗಾರದ್ದರ ಹಿಡಿಕೆಯ ತುದಿ ಸಣ್ಣದು, ಬೆರಳು ಮಡಚಿ ಹಿಡಿಯಬೇಕು. ಅವನ ಕೈ ಎರಡು ಸಲ ಜಾರಿತು. ಕಪ್ಪು ರೀಲಿನದು ಪೇರಲಹಣ್ಣಿನಷ್ಟು ದೊಡ್ಡ ಗುಂಡು; ಅಂಗೈಯಿಂದಲೇ ಒತ್ತಿ ತಿರುಗಿಸಿದ. ನಿಲ್ಲಿಸದೆ ತಿರುಗಿಸುತ್ತಲೇ ಇದ್ದ. ಅಳಿಯ ನನ್ನ ಮುಖ ನೋಡಿದ. ಬಂಗಾರದ ರೀಲನ್ನು ತಾನೇ ಪೆಟ್ಟಿಗೆಗೆ ಹಾಕಿ ಮುಚ್ಚಿದ.

ಮರುದಿನ ಬೆಳಗಾಗುವ ಮೊದಲೇ ಹೊರಟೆವು. ನನಗೆ ತಲೆ ತಿರುಗಿ, ತಂದ ರೊಟ್ಟಿ ನನ್ನ ಪಾಲಿಗೆ ಇಲ್ಲವಾಯಿತು. ಬಿಸಿಲೇರುವ ಹೊತ್ತಿಗೆ ಕೋಲು ಬಾಗಿ ರೀಲು ಒಂದೇ ಸಮನೆ ಕೂಗತೊಡಗಿತು. ದಾರ ಹೋಗುತ್ತಲೇ ಇತ್ತು. ಡ್ರಮ್ಮು ಅರ್ಧ ಖಾಲಿಯಾದಾಗ ಅಳಿಯನ ಕೈ ತಾನಾಗಿ ಬಿಗಿಮಾಡಲು ಹೋಯಿತು.

“ಕೈ ತೆಗಿಯೋ ತಮ್ಮಾ, ಹೋಗಲಿ ಬಿಡು” ಎಂದೆ.

ಅವನು ಕೈ ತೆಗೆದ. ಓಟ ನಿಂತಿತು. ಆಗ ಗೆಳೆಯ ಚುಕ್ಕಾಣಿಯನ್ನು ಅಳಿಯನಿಗೆ ಕೊಟ್ಟು, ಏನೂ ಮಾತನಾಡದೆ ಕೋಲು ಇಸಿದುಕೊಂಡ. ಮುಕ್ಕಾಲು ಗಂಟೆ ಹಿಡಿಯಿತು. ಎರಡು ಸಲ ಮೀನು ಮತ್ತೆ ಓಡಿತು, ಎರಡು ಸಲವೂ ಬಿಟ್ಟ. ಕೊನೆಗೆ ದೋಣಿಯ ಪಕ್ಕ ಮೇಲೆ ಬಂದದ್ದು ಅಂಜಲ್ ಅಲ್ಲ, ಬಾಗಿಲಿನಷ್ಟು ಅಗಲದ ತೊರಕೆ. ಬಾಲದ ಮುಳ್ಳು ನೋಡಿ ಯಾರೂ ಅದನ್ನು ಒಳಗೆಳೆಯುವ ಮಾತೆತ್ತಲಿಲ್ಲ. ಗಾಳದ ಹತ್ತಿರಕ್ಕೆ ದಾರ ಕೊಯ್ದು ಬಿಟ್ಟೆವು. ಅದು ಒಮ್ಮೆ ರೆಕ್ಕೆ ಮಡಚಿ ಕೆಳಗಿಳಿಯಿತು.

ತಿರುಗಿ ಬರುವಾಗ ಮಾತು ಮೀನಿನ ಕಡೆಗೇ ಹೊರಳಿತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಇದು ಹೊಸ ಸರ್ಕಾರದ ಹೊಸ ಕಾನೂನೆಂದು ಅಳಿಯ ತಿಳಿದಿದ್ದ. ನಾನು ನಮ್ಮ ಮಸ್ಕಿಯ ಬಂಡೆಯ ನೆನಪು ಮಾಡಿದೆ. 1915ರಲ್ಲಿ ಸಿಕ್ಕ ಆ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಬರೆಸಿದ ಇನ್ನೊಂದು ಶಾಸನದಲ್ಲಿ, ಇಂತಿಂಥ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದ್ದಾನೆ. ಬಿಡುವ ದಿನಗಳ ಲೆಕ್ಕ ಎರಡು ಸಾವಿರ ವರ್ಷಕ್ಕೂ ಹಳೆಯದು. ಮರಿಮೀನು, ಮೊಟ್ಟೆಯ ಮೀನು ಬಂದರೆ ನೀರಿಗೇ ಬಿಡುವುದೆಂದು ಇಬ್ಬರೂ ಒಪ್ಪಿದರು.

ದಡಕ್ಕೆ ಬಂದ ಮೇಲೆ ಗೆಳೆಯ ರೀಲನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿದ. ಬ್ರೇಕಿನ ಬಿಲ್ಲೆಗಳು ಅಂಟಿಕೊಳ್ಳದಿರಲೆಂದು ಪೂರ್ತಿ ಸಡಿಲಿಸಿಡಬೇಕೆಂದು ನಾನು ಹೇಳುವುದರೊಳಗೆ ಅವನೇ ಸಡಿಲಿಸಿದ. ಆಮೇಲೆ ಮಡಚದ ಆ ಎರಡು ಬೆರಳನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ, “ಮುಂದಿನ ಆದಿತ್ಯವಾರ ನೀವು ಊರಿಗೆ ಹೋಗಿರ್ತೀರಾ?” ಎಂದು ಕೇಳಿದ.